ಎರೆಭೂಮಿಯ ಕೆಳಗಿನ ಸ್ತರಭಂಗಗಳ ನಕ್ಷೆ ನಮಗೆ ಬೇಕು

ಮಾನ್ಯ ಸಂಪಾದಕರೇ,

ಕಲಬುರಗಿ, ವಿಜಯಪುರ ಮತ್ತು ಬೀದರ್ ಜಿಲ್ಲೆಗಳ ಹಳ್ಳಿಗಳಲ್ಲಿ ಮಳೆಗಾಲ ಮುಗಿಯುವ ಹೊತ್ತಿಗೆ ನೆಲದೊಳಗಿಂದ ಸದ್ದು ಕೇಳಿಸುವುದು, ಪಾತ್ರೆಗಳು ಅಲುಗಾಡುವುದು, ಜನರು ಮನೆಯಿಂದ ಹೊರಗೆ ಓಡಿಬರುವುದು ಈಗ ಹೊಸ ಸುದ್ದಿಯಾಗಿ ಉಳಿದಿಲ್ಲ. 2021ರ ಅಕ್ಟೋಬರ್‌ನಲ್ಲಿ ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವಾರ ಸುತ್ತಮುತ್ತ ಕಂಪನಗಳು ಒಂದರ ಹಿಂದೆ ಒಂದು ಬಂದಾಗ ಎಷ್ಟೋ ಕುಟುಂಬಗಳು ಊರನ್ನೇ ಬಿಟ್ಟು ಹೊರಟವು. ಮಳೆಯ ನೀರು ಶಿಲೆಯ ಬಿರುಕುಗಳಲ್ಲಿ ಇಳಿದು ಒತ್ತಡ ಹೆಚ್ಚಿಸುವುದರಿಂದ ಇಂಥ ಸಣ್ಣ ಕಂಪನಗಳು ಉಂಟಾಗುತ್ತವೆ, ಗಾಬರಿಪಡಬೇಕಾಗಿಲ್ಲ ಎಂದು ವಿಜ್ಞಾನಿಗಳು ಆಗ ಹೇಳಿದರು. ಆ ವಿವರಣೆಯಲ್ಲಿ ತಪ್ಪಿದೆ ಎಂದು ನಾನು ಹೇಳುತ್ತಿಲ್ಲ. ಆದರೆ ನೀರು ಇಳಿಯುತ್ತಿರುವುದು ಯಾವ ಬಿರುಕಿನಲ್ಲಿ, ಅದು ಎಲ್ಲಿಂದ ಎಲ್ಲಿಯವರೆಗೆ ಹಬ್ಬಿದೆ, ಎಷ್ಟು ಆಳಕ್ಕೆ ಇಳಿದಿದೆ, ಆಳದಲ್ಲಿ ಇನ್ನೂ ದೊಡ್ಡ ಸ್ತರಭಂಗವೊಂದಕ್ಕೆ ಸೇರುತ್ತದೆಯೇ ಎಂಬ ಪ್ರಶ್ನೆಗಳಿಗೆ ಆ ಊರುಗಳ ಜನರಿಗೆ ನಕ್ಷೆಯ ರೂಪದಲ್ಲಿ ಉತ್ತರ ಸಿಗಬೇಕು. ಆ ಉತ್ತರಕ್ಕೆ ಬೇಕಾದ ಮೊದಲ ಸಾಧನ ವೈಮಾನಿಕ ಕಾಂತೀಯ ಸಮೀಕ್ಷೆ, ಎಂದರೆ ವಿಮಾನದಲ್ಲಿ ಹಾರುತ್ತ ಕಾಂತಕ್ಷೇತ್ರದ ಏರಿಳಿತವನ್ನು ಅಳೆಯುವುದು. ಭೂವಿಜ್ಞಾನವನ್ನು ಕಲಿಸುತ್ತ ಬಂದವನಾಗಿ ಈ ಕುರಿತು ತಮ್ಮ ಪತ್ರಿಕೆಯ ಓದುಗರ ಮುಂದೆಯೂ ರಾಜ್ಯ ಸರ್ಕಾರದ ಮುಂದೆಯೂ ಕೆಲವು ವಿಷಯಗಳನ್ನು ಇಡಬಯಸುತ್ತೇನೆ.

ಸ್ತರಭಂಗ ಎಂದರೆ ಎರಡೂ ಬದಿಯ ಶಿಲೆಗಳು ಒಂದರ ಪಕ್ಕದಲ್ಲಿ ಒಂದು ಸರಿದಿರುವ ಸೀಳು. ಚಿತ್ರದುರ್ಗ, ತುಮಕೂರು ಕಡೆ ತಳಶಿಲೆ ನೆಲದ ಮೇಲೆಯೇ ಕಾಣುವುದರಿಂದ ಅಲ್ಲಿ ಸುತ್ತಿಗೆ ಮತ್ತು ದಿಕ್ಸೂಚಿ ಹಿಡಿದು ನಡೆದರೆ ಇಂಥ ಸೀಳುಗಳನ್ನು ಕಣ್ಣಾರೆ ಗುರುತಿಸಬಹುದು. ಉತ್ತರ ಕರ್ನಾಟಕದ ಬಹುಭಾಗದಲ್ಲಿ ಆ ಅನುಕೂಲವಿಲ್ಲ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಉಕ್ಕಿ ಹರಿದ ದಖನ್ ಲಾವಾ ಗಟ್ಟಿಯಾಗಿ ಪದರ ಪದರವಾಗಿ ಹಾಸಿಕೊಂಡಿದೆ. ಅದರ ಮೇಲೆ ನಮ್ಮ ಎರೆಮಣ್ಣು. ಕಲಬುರಗಿ ಭಾಗದಲ್ಲಿ ಎಷ್ಟೋ ಕಡೆ ಲಾವಾದ ಕೆಳಗೆ ಶಹಾಬಾದ್ ಕಲ್ಲಿನ ಜಾತಿಯ ಭೀಮಾ ಸುಣ್ಣಕಲ್ಲು, ಅದರ ಕೆಳಗೆ ಎರಡೂವರೆ ಶತಕೋಟಿ ವರ್ಷಕ್ಕೂ ಹಳೆಯದಾದ ಗ್ರಾನೈಟ್ ಮತ್ತು ನೈಸ್. ತಳಶಿಲೆಯಲ್ಲಿರುವ ಹಳೆಯ ಸೀಳು ಲಾವಾ ಹರಿಯುವುದಕ್ಕೆ ಎಷ್ಟೋ ಮೊದಲೇ ಆಗಿದ್ದರೆ ಮೇಲಿನ ಹೊಲದಲ್ಲಿ ಅದರ ಕುರುಹು ಒಂದೂ ಇರುವುದಿಲ್ಲ.

ಕುರುಹು ಕಾಣದ ಕಡೆ ಅಪಾಯವೂ ಇಲ್ಲವೆಂದು ನಂಬಿದ್ದಕ್ಕೆ ತೆತ್ತ ಬೆಲೆ ನಮ್ಮ ಬೀದರ್ ಗಡಿಗೆ ಹೊಂದಿಕೊಂಡ ಲಾತೂರ್ ಜಿಲ್ಲೆಯ ಕಿಲ್ಲಾರಿಯಲ್ಲಿದೆ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಸಂಭವಿಸಿದ 6.2 ತೀವ್ರತೆಯ ಭೂಕಂಪದಲ್ಲಿ ಸುಮಾರು 10 ಸಾವಿರ ಜನರು ಸತ್ತರು. ಅಂದಿನ ಭೂಕಂಪ ವಲಯ ನಕ್ಷೆಯಲ್ಲಿ ಆ ಊರು ಇದ್ದದ್ದು ಒಂದನೆಯ ವಲಯದಲ್ಲಿ, ಎಂದರೆ ಅತಿ ಕಡಿಮೆ ಅಪಾಯವೆಂದು ಲೆಕ್ಕ ಹಾಕಿದ ವಲಯದಲ್ಲಿ. ಆ ಒಂದನೆಯ ವಲಯವನ್ನೇ 2002ರ ಪರಿಷ್ಕರಣೆಯಲ್ಲಿ ಕೈಬಿಡಲಾಯಿತು. ಭೂಕಂಪದ ಬಳಿಕ ಅಲ್ಲಿ ಕೊರೆದ ಒಂದು ಸಂಶೋಧನಾ ಕೊಳವೆಬಾವಿಯಲ್ಲಿ ಬಸಾಲ್ಟ್, ಎಂದರೆ ಗಟ್ಟಿಯಾದ ಲಾವಾದ ಕಪ್ಪು ಕಲ್ಲಿನ ಪದರ 338 ಮೀಟರ್ ದಪ್ಪವಿತ್ತು. ಅದು ದಾಟಿದ ಮೇಲೆ ತಳಶಿಲೆ ಸಿಕ್ಕಿತು. ಮುನ್ನೂರು ಚಿಲ್ಲರೆ ಮೀಟರ್ ಕಪ್ಪು ಕಲ್ಲಿನ ಕೆಳಗೆ ಏನಿದೆ ಎಂಬುದು ಮೇಲೆ ಬದುಕುತ್ತಿದ್ದವರಿಗೆ ಗೊತ್ತಿರಲಿಲ್ಲ. ಜನರನ್ನು ಕೊಂದದ್ದು ಮಣ್ಣಿನಲ್ಲಿ ಕಟ್ಟಿದ ದಪ್ಪ ಕಲ್ಲುಗೋಡೆಗಳು ಮತ್ತು ಭಾರವಾದ ಮಾಳಿಗೆಗಳು. ಅದೇ ಬಗೆಯ ಮನೆಗಳು ಇಂದಿಗೂ ಚಿಂಚೋಳಿಯಲ್ಲಿವೆ, ಆಳಂದದಲ್ಲಿವೆ, ಬಸವಕಲ್ಯಾಣದಲ್ಲಿವೆ.

ಈಗ ಸಮೀಕ್ಷೆಯ ವಿಷಯಕ್ಕೆ ಬರುತ್ತೇನೆ. ಶಿಲೆಗಳಲ್ಲಿ ಮ್ಯಾಗ್ನೆಟೈಟ್ ಎಂಬ ಕಬ್ಬಿಣದ ಖನಿಜ ಸಣ್ಣ ಪ್ರಮಾಣದಲ್ಲಿ ಇರುತ್ತದೆ. ಬಸಾಲ್ಟ್‌ನಲ್ಲಿ ಅದು ಹೆಚ್ಚು, ಗ್ರಾನೈಟ್‌ನಲ್ಲಿ ಕಡಿಮೆ, ಸುಣ್ಣಕಲ್ಲಿನಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಭೂಮಿಯ ಕಾಂತಕ್ಷೇತ್ರದಲ್ಲಿ ಇರುವ ಈ ಶಿಲೆಗಳು ತಾವೂ ಕಾಂತತ್ವ ಪಡೆದು, ತಮ್ಮ ಮೇಲಿನ ಕ್ಷೇತ್ರವನ್ನು ಅಲ್ಲಲ್ಲಿ ತುಸು ಹೆಚ್ಚಿಸುತ್ತವೆ, ಅಲ್ಲಲ್ಲಿ ತುಸು ತಗ್ಗಿಸುತ್ತವೆ. ಕಾಂತಕ್ಷೇತ್ರವನ್ನು ಅಳೆಯುವ ಮಾನ ನ್ಯಾನೊಟೆಸ್ಲಾ; ನಮ್ಮ ಭಾಗದಲ್ಲಿ ಭೂಮಿಯ ಕ್ಷೇತ್ರ 40 ಸಾವಿರ ನ್ಯಾನೊಟೆಸ್ಲಾಗಿಂತ ಸ್ವಲ್ಪ ಹೆಚ್ಚು. ಶಿಲೆಗಳಿಂದಾಗುವ ಏರಿಳಿತ ಕೆಲವು ಹತ್ತು ಅಥವಾ ಕೆಲವು ನೂರು ನ್ಯಾನೊಟೆಸ್ಲಾ. ಇಷ್ಟು ಸಣ್ಣ ವ್ಯತ್ಯಾಸವನ್ನು ಸೀಸಿಯಂ ಆವಿಯ ಮ್ಯಾಗ್ನೆಟೋಮೀಟರ್ ಸಲೀಸಾಗಿ ಅಳೆಯುತ್ತದೆ. ವಿಮಾನದಿಂದ ಕಾಂತಕ್ಷೇತ್ರ ಅಳೆಯುವುದು ಎರಡನೆಯ ಮಹಾಯುದ್ಧದಲ್ಲಿ ಸಮುದ್ರದೊಳಗಿನ ಜಲಾಂತರ್ಗಾಮಿಗಳನ್ನು ಪತ್ತೆಹಚ್ಚಲು ಬೆಳೆಸಿದ ವಿದ್ಯೆ. ಯುದ್ಧ ಮುಗಿಯುವ ಮೊದಲೇ ಭೂವಿಜ್ಞಾನಿಗಳು ಇದನ್ನು ತಮ್ಮ ಕೆಲಸಕ್ಕೆ ಎತ್ತಿಕೊಂಡರು.

ವಿಮಾನದ ಬಾಲಕ್ಕೆ ಜೋಡಿಸಿದ ಉದ್ದನೆಯ ಕೋಲಿನ ತುದಿಯಲ್ಲಿ ಅಥವಾ ಹೆಲಿಕಾಪ್ಟರಿನಿಂದ ತೂಗುಬಿಟ್ಟ ಚೌಕಟ್ಟಿನಲ್ಲಿ ಮ್ಯಾಗ್ನೆಟೋಮೀಟರ್ ಇಟ್ಟು, ನೆಲದಿಂದ ನೂರು ಮೀಟರ್ ಆಸುಪಾಸಿನ ಎತ್ತರದಲ್ಲಿ, ಕೆಲವು ನೂರು ಮೀಟರ್ ಅಂತರದ ಸಮಾನಾಂತರ ಸಾಲುಗಳಲ್ಲಿ ಹಾರುತ್ತಾರೆ. ಈ ಸಾಲುಗಳನ್ನು ಅಡ್ಡಲಾಗಿ ಕತ್ತರಿಸುವ ಇನ್ನೂ ಕೆಲವು ಸಾಲುಗಳಿರುತ್ತವೆ. ಎರಡೂ ಸೇರುವ ಬಿಂದುಗಳಲ್ಲಿ ಅಳತೆ ಹೊಂದುತ್ತದೆಯೇ ಎಂದು ನೋಡಿ ತಪ್ಪು ತಿದ್ದುತ್ತಾರೆ. ಸೂರ್ಯನ ಪ್ರಭಾವದಿಂದ ಹಗಲಿಡೀ ಬದಲಾಗುವ ಕ್ಷೇತ್ರವನ್ನು ನೆಲದ ಮೇಲೆ ನಿಲ್ಲಿಸಿದ ಇನ್ನೊಂದು ಉಪಕರಣ ದಾಖಲಿಸುತ್ತದೆ, ಅದನ್ನು ವಿಮಾನದ ಅಳತೆಯಿಂದ ಕಳೆಯಬೇಕು. ಕಾಂತೀಯ ಬಿರುಗಾಳಿ ಎದ್ದ ದಿನ ಹಾರಾಟವೇ ಇಲ್ಲ. ಕೊನೆಗೆ ಭೂಮಿಯ ಗರ್ಭದಿಂದ ಬರುವ ಮುಖ್ಯ ಕ್ಷೇತ್ರವನ್ನೂ ಕಳೆದರೆ ಉಳಿಯುವುದು ಶಿಲೆಗಳ ಪಾಲು ಮಾತ್ರ. ಗೋಡೆಯ ಬಿರುಕಿನ ಮೇಲೆ ಗಾರೆ ಬಳಿದರೆ ಕಣ್ಣಿಗೆ ಮರೆಯಾಗುತ್ತದೆ. ಆದರೆ ಕಾಂತಕ್ಷೇತ್ರಕ್ಕೆ ಎರೆಮಣ್ಣು, ಸುಣ್ಣಕಲ್ಲು, ಕಾಡು, ಕೆರೆಯ ನೀರು ಯಾವುದೂ ಅಂಥ ಗಾರೆಯಲ್ಲ.

ಹೀಗೆ ತಯಾರಾದ ನಕ್ಷೆಯಲ್ಲಿ ಸ್ತರಭಂಗವು ಸ್ತರಭಂಗ ಎಂಬ ಹೆಸರು ಹೊತ್ತುಕೊಂಡು ಬರುವುದಿಲ್ಲ, ಅದನ್ನು ಓದಬೇಕು. ಒಂದು ಬದಿಯ ತಳಶಿಲೆ ಕುಸಿದು ಆಳಕ್ಕೆ ಹೋಗಿದ್ದರೆ ಆ ಬದಿಯ ಕಾಂತೀಯ ಏರಿಳಿತ ಮೊಂಡಾಗುತ್ತದೆ, ಇನ್ನೊಂದು ಬದಿಯದು ಚೂಪಾಗಿ ಉಳಿಯುತ್ತದೆ, ನಡುವೆ ನೇರ ಗೆರೆಯೊಂದು ಮೂಡುತ್ತದೆ. ಸೀಳಿನಲ್ಲಿ ಬಹುಕಾಲ ನೀರು ಹರಿದಿದ್ದರೆ ಮ್ಯಾಗ್ನೆಟೈಟ್ ಆಕ್ಸಿಡೀಕರಣಗೊಂಡು ಕಾಂತತ್ವ ಬಹಳ ಕಡಿಮೆಯಿರುವ ಹೆಮಟೈಟ್ ಆಗಿಬಿಡುತ್ತದೆ. ಆಗ ಸೀಳಿನ ಉದ್ದಕ್ಕೂ ಕಾಂತಕ್ಷೇತ್ರ ತಗ್ಗಿದ ಕಿರಿದಾದ ಪಟ್ಟಿ ಕಾಣುತ್ತದೆ. ಎಲ್ಲಕ್ಕಿಂತ ನಂಬಿಕೆಗೆ ಅರ್ಹವಾದ ಕುರುಹು ಡೈಕುಗಳು. ಗ್ರಾನೈಟನ್ನು ಸೀಳಿಕೊಂಡು ಗೋಡೆಯಂತೆ ನಿಂತ ಕಪ್ಪು ಶಿಲೆಯ ಡೈಕುಗಳು ನಮ್ಮ ರಾಜ್ಯದ ತಳಶಿಲೆಯಲ್ಲಿ ಹೇರಳ. ಬೆಂಗಳೂರಿನ ಹೆಸರಿನ, ಪೂರ್ವ-ಪಶ್ಚಿಮವಾಗಿ ಸಾಗುವ ಒಂದು ಡೈಕ್ ಸಮೂಹಕ್ಕೇ ಸುಮಾರು 237 ಕೋಟಿ ವರ್ಷ ವಯಸ್ಸು. ಹತ್ತಾರು ಕಿಲೋಮೀಟರ್ ನೇರವಾಗಿ ಸಾಗುವ ಇಂಥ ಡೈಕ್ ಒಂದು ಕಡೆ ತುಂಡಾಗಿ, ಮುಂದಿನ ತುಂಡು ಅರ್ಧ ಕಿಲೋಮೀಟರ್ ಪಕ್ಕಕ್ಕೆ ಸರಿದು ಮುಂದುವರಿದಿದ್ದರೆ ನಡುವೆ ಸ್ತರಭಂಗ ಹಾದುಹೋಗಿದೆ ಎಂದು ಹೇಳಬಹುದು, ಎಷ್ಟು ಸರಿದಿದೆ ಎಂಬುದನ್ನು ನಕ್ಷೆಯ ಮೇಲೇ ಅಳೆಯಬಹುದು.

ಈ ವಿಧಾನದಿಂದ ಜನವಸತಿಯ ಕೆಳಗಿನ ಸ್ತರಭಂಗವೊಂದನ್ನು ಗುರುತಿಸಿದ ಅತ್ಯುತ್ತಮ ಉದಾಹರಣೆ ಅಮೆರಿಕದ ಸಿಯಾಟಲ್ ನಗರದ್ದು. ಅಲ್ಲಿ ನೆಲವನ್ನು ಮುಚ್ಚಿರುವುದು ಲಾವಾ ಅಲ್ಲ. ಹಿಮಯುಗದ ಹಿಮನದಿಗಳು ಬಿಟ್ಟುಹೋದ ಮರಳು, ಜಲ್ಲಿ ಮತ್ತು ಜೇಡಿ, ಅದರ ಮೇಲೆ ದಟ್ಟ ಕಾಡು, ಕೊಲ್ಲಿಯ ನೀರು, ಮಹಾನಗರ. 1960ರ ದಶಕದಲ್ಲಿ ಗುರುತ್ವದ ಅಳತೆಗಳಿಂದ ನಗರದ ಅಡಿಯಲ್ಲಿ ದೊಡ್ಡದೊಂದು ಸೀಳಿರಬಹುದೆಂಬ ಅನುಮಾನ ಹುಟ್ಟಿತ್ತು. 1992ರಲ್ಲಿ ಪ್ರಕಟವಾದ ಅಧ್ಯಯನಗಳು, ಸುಮಾರು 1,100 ವರ್ಷಗಳ ಹಿಂದಿನ ಒಂದು ಭೂಕಂಪದಲ್ಲಿ ಬೇನ್‌ಬ್ರಿಜ್ ದ್ವೀಪದ ಕಡಲತೀರ ಒಮ್ಮೆಗೇ 7 ಮೀಟರಿನಷ್ಟು ಮೇಲೆದ್ದಿತ್ತು ಎಂದು ತೋರಿಸಿದವು. ಹಾಗಿದ್ದರೂ ಸೀಳಿನ ಜಾಡು ಯಾವ ಬೀದಿ, ಯಾವ ಬಂದರಿನ ಕೆಳಗೆ ಹೋಗಿದೆ ಎಂಬುದು ಖಚಿತವಿರಲಿಲ್ಲ. 1997ರಲ್ಲಿ ಅಮೆರಿಕದ ಭೂವೈಜ್ಞಾನಿಕ ಸಮೀಕ್ಷಾ ಸಂಸ್ಥೆ ಇಡೀ ಪ್ರದೇಶದ ಮೇಲೆ ವೈಮಾನಿಕ ಕಾಂತೀಯ ಸಮೀಕ್ಷೆ ನಡೆಸಿತು. ಹಿಮನದಿಯ ಮೆಕ್ಕಲು ಕಾಂತೀಯವಾಗಿ ಬಹಳ ದುರ್ಬಲ, ಅದರ ಕೆಳಗೆ ವಾಲಿನಿಂತ ಶಿಲಾಪದರಗಳಲ್ಲಿ ಕೆಲವು ಜ್ವಾಲಾಮುಖಿ ಮೂಲದವಾಗಿ ಪ್ರಬಲ. ಆ ಪದರಗಳು ಕಾಡು, ಕೊಲ್ಲಿ, ನಗರ ಎಲ್ಲದರ ಕೆಳಗೂ ಪೂರ್ವ-ಪಶ್ಚಿಮವಾಗಿ ಸಾಗುವ ಗೆರೆಗಳಾಗಿ ಕಾಣಿಸಿಕೊಂಡವು. ರಿಚರ್ಡ್ ಬ್ಲೇಕ್‌ಲಿ ಮತ್ತು ಅವರ ಸಹೋದ್ಯೋಗಿಗಳು ಈ ಅಳತೆಗಳನ್ನು ನೆಲದ ಭೂವೈಜ್ಞಾನಿಕ ನಕ್ಷೆ ಮತ್ತು ಕಂಪನ ತರಂಗಗಳ ದಾಖಲೆಗಳೊಂದಿಗೆ ಸೇರಿಸಿ, ಇರುವುದು ಒಂದೇ ಸೀಳಲ್ಲ, ಹಲವು ಎಳೆಗಳ ಸ್ತರಭಂಗ ವಲಯ ಎಂದು 2002ರಲ್ಲಿ ವಿವರಿಸಿದರು. ಅದೇ ಕಾಲದಲ್ಲಿ ಲೇಸರ್ ಕಿರಣದ ಸಮೀಕ್ಷೆ ಕಾಡಿನ ಮರೆಯಲ್ಲಿದ್ದ ನೆಲದ ಮೆಟ್ಟಿಲನ್ನು ತೋರಿಸಿತು, ಅಲ್ಲಿ ಕಂದಕ ತೋಡಿ ನೋಡಿದಾಗ ಹಿಂದಿನ ಭೂಕಂಪಗಳ ಕಾಲ ತಿಳಿಯಿತು. ಮೂರು ಕೆಲಸಗಳೂ ಒಂದಕ್ಕೊಂದು ಆಧಾರವಾಗಿ ನಿಂತದ್ದರಿಂದಲೇ ಆ ನಗರದ ಸೇತುವೆಗಳನ್ನೂ ಕಟ್ಟಡಗಳನ್ನೂ ಕುರಿತ ಅಪಾಯದ ಲೆಕ್ಕ ಗಟ್ಟಿಯಾದ ನೆಲೆಯ ಮೇಲೆ ನಿಂತಿತು.

ಸಿಯಾಟಲ್ ಭೂಫಲಕಗಳ ಅಂಚಿನಲ್ಲಿದೆ, ನಮ್ಮದು ಫಲಕದ ನಡುಭಾಗ, ಹೋಲಿಕೆ ಸಲ್ಲದು ಎಂದು ಯಾರಾದರೂ ಆಕ್ಷೇಪಿಸಬಹುದು. 1811–12ರಲ್ಲಿ ಮಿಸಿಸಿಪ್ಪಿ ನದಿಯ ಬಯಲನ್ನು ನಡುಗಿಸಿದ ನ್ಯೂ ಮ್ಯಾಡ್ರಿಡ್ ಭೂಕಂಪಗಳೂ ಫಲಕದ ನಡುಭಾಗದಲ್ಲಿ ಆದಂಥವೇ. ಅವುಗಳಿಗೆ ಕಾರಣವಾದ, ನದಿಯ ಮೆಕ್ಕಲಿನ ಕೆಳಗೆ ಹುದುಗಿರುವ ಸುಮಾರು 70 ಕಿಲೋಮೀಟರ್ ಅಗಲದ ಪುರಾತನ ಬಿರುಕು ಕಣಿವೆಯ ಅಂಚುಗಳು ಸ್ಪಷ್ಟವಾದದ್ದು ಕಾಂತೀಯ ನಕ್ಷೆಗಳಿಂದಲೇ.

ನಮ್ಮಲ್ಲಿ ಇದೇ ಕೆಲಸ ಇನ್ನೂ ಕಷ್ಟ ಎಂಬುದನ್ನು ಮರೆಮಾಚದೆ ಹೇಳಬೇಕು. ಸಿಯಾಟಲ್‌ನಲ್ಲಿ ಮೇಲಿನ ಹೊದಿಕೆ ಕಾಂತೀಯವಾಗಿ ಮೌನವಾಗಿತ್ತು, ನಮ್ಮಲ್ಲಿ ಮೇಲಿನ ಹೊದಿಕೆಯೇ ಎಲ್ಲಕ್ಕಿಂತ ಪ್ರಬಲ. ಬಸಾಲ್ಟ್ ತಣ್ಣಗಾಗುವಾಗ ಅಂದಿನ ಭೂಕ್ಷೇತ್ರದ ದಿಕ್ಕನ್ನು ತನ್ನೊಳಗೆ ಹಿಡಿದಿಟ್ಟುಕೊಂಡಿದೆ. ಆಗ ಭಾರತ ಭೂಖಂಡ ಸಮಭಾಜಕದ ದಕ್ಷಿಣಕ್ಕಿತ್ತು; ಲಾವಾ ಹರಿಯುತ್ತಿದ್ದ ಅವಧಿಯಲ್ಲೇ ಭೂಮಿಯ ಕಾಂತಕ್ಷೇತ್ರ ತಿರುವುಮುರುವೂ ಆಗಿತ್ತು. ಹೀಗಾಗಿ ಒಂದು ಪದರ ಒಂದು ದಿಕ್ಕಿಗೆ, ಇನ್ನೊಂದು ಪದರ ವಿರುದ್ಧ ದಿಕ್ಕಿಗೆ ಕಾಂತತ್ವ ಹೊತ್ತು ನಿಂತಿರುವುದುಂಟು. ಇವುಗಳ ಗದ್ದಲದ ನಡುವೆ ಕೆಳಗಿನ ಗ್ರಾನೈಟಿನ ಕ್ಷೀಣ ದನಿಯನ್ನು ಬೇರ್ಪಡಿಸಬೇಕು. ಅದಕ್ಕೆ ದಾರಿಯಿದೆ: ಮೇಲಿರುವ ಶಿಲೆಗಳ ಏರಿಳಿತ ನಕ್ಷೆಯ ಮೇಲೆ ಕಿರಿದು, ಆಳದಲ್ಲಿರುವುದರ ಏರಿಳಿತ ಅಗಲ, ಈ ಅಗಲದ ವ್ಯತ್ಯಾಸವನ್ನು ಹಿಡಿದು ಗಣಿತದ ಮೂಲಕ ಎರಡನ್ನೂ ಬಿಡಿಸಬಹುದು. ಆದರೆ ಅದಕ್ಕೆ ಸಾಲುಗಳು ಹತ್ತಿರವಿರಬೇಕು, ಲಾವಾದ ದಪ್ಪ ಅಲ್ಲಲ್ಲಿ ಕೊಳವೆಬಾವಿಗಳಿಂದ ತಿಳಿದಿರಬೇಕು.

ಎರಡನೆಯ ತೊಡಕು ಓದುಗರಿಗೆ ಅಷ್ಟಾಗಿ ಪರಿಚಯವಿಲ್ಲದ್ದು, ಆದರೆ ಸಮೀಕ್ಷೆಯನ್ನು ರೂಪಿಸುವವರು ಮೊದಲು ಗಮನಿಸಬೇಕಾದದ್ದು. ಕಾಂತೀಯ ಸಮಭಾಜಕ ರೇಖೆ ಭಾರತದ ದಕ್ಷಿಣ ತುದಿಯ ಬಳಿ ಹಾದುಹೋಗುತ್ತದೆ. ಆದ್ದರಿಂದ ಕಲಬುರಗಿಯಲ್ಲಿ ಭೂಮಿಯ ಕ್ಷೇತ್ರ ಕೆಳಮುಖವಾಗಿ ಇಪ್ಪತ್ತು ಡಿಗ್ರಿಯ ಆಸುಪಾಸು ಮಾತ್ರ ಬಾಗಿದೆ, ಬಹುಪಾಲು ಉತ್ತರಕ್ಕೆ ಮಲಗಿದಂತೆಯೇ ಇದೆ. ಇಂಥಲ್ಲಿ ಪೂರ್ವ-ಪಶ್ಚಿಮವಾಗಿ ಹಬ್ಬಿದ ರಚನೆಗಳು ಚೆನ್ನಾಗಿ ಕಾಣುತ್ತವೆ. ಉತ್ತರ-ದಕ್ಷಿಣವಾಗಿ ಸಾಗುವ ಸೀಳು ಕ್ಷೇತ್ರಕ್ಕೆ ಸಮಾನಾಂತರವಾಗುವುದರಿಂದ ತನ್ನ ಗುರುತನ್ನು ಬಹಳ ಮಂದವಾಗಿ ಬಿಡುತ್ತದೆ. ಯಾದಗಿರಿ ಜಿಲ್ಲೆಯ ಗೋಗಿ ಬಳಿ, ಯುರೇನಿಯಂ ಖನಿಜ ಸಿಕ್ಕಿದ್ದರಿಂದ ಹೆಸರಾದ ಕುರ್ಲಗೇರಾ–ಗೋಗಿ ಸ್ತರಭಂಗ ಹೆಚ್ಚುಕಡಿಮೆ ಪೂರ್ವ-ಪಶ್ಚಿಮವಾದದ್ದು. ಅಂಥದ್ದನ್ನು ಹಿಡಿಯುವುದು ಸುಲಭ. ಧಾರವಾಡ ಶಿಲಾಪಟ್ಟಿಗಳ ಜಾಡಿನಲ್ಲಿ ಉತ್ತರ-ವಾಯವ್ಯಕ್ಕೆ ಸಾಗುವ ಸೀಳುಗಳನ್ನು ಹಿಡಿಯುವುದು ಸುಲಭವಲ್ಲ. ಅಲ್ಲಿ ನೆರವಿಗೆ ಬರುವುದು ಮೇಲೆ ಹೇಳಿದ ಪೂರ್ವ-ಪಶ್ಚಿಮ ಡೈಕುಗಳು. ಸೀಳು ತಾನು ಕಾಣದಿದ್ದರೂ ಅದು ಕತ್ತರಿಸಿದ ಡೈಕುಗಳ ತುದಿಗಳು ಕಾಣುತ್ತವೆ, ಆ ತುದಿಗಳನ್ನು ಕೂಡಿಸಿದರೆ ಸೀಳಿನ ದಾರಿ ಸಿಗುತ್ತದೆ. ಕಾಂತೀಯ ಅಳತೆಯ ಜೊತೆ ಗುರುತ್ವದ ಅಳತೆಯೂ ಇದ್ದರೆ ಇನ್ನೂ ಒಳ್ಳೆಯದು, ಏಕೆಂದರೆ ಗುರುತ್ವಕ್ಕೆ ಇಂಥ ದಿಕ್ಕಿನ ಪಕ್ಷಪಾತವಿಲ್ಲ. ವಾಡಿ, ಸೇಡಂ, ಮಳಖೇಡದ ಸಿಮೆಂಟ್ ಕಾರ್ಖಾನೆಗಳು, ರೈಲುಮಾರ್ಗಗಳು, ಹೈಟೆನ್ಷನ್ ತಂತಿಗಳ ಹತ್ತಿರ ಅಳತೆ ಕೆಡುತ್ತದೆ ಎಂಬುದೂ ನಿಜ. ಅಂಥ ತುಣುಕುಗಳನ್ನು ಕೈಬಿಟ್ಟರೂ ಉಳಿದ ಬಯಲು ಬಹಳ ವಿಶಾಲವಾದದ್ದು.

ಇದೇ ದಖನ್ ಲಾವಾದ ಮೇಲೆ ಈ ಕೆಲಸ ಆಗಿರುವ ನಿದರ್ಶನವೂ ನಮ್ಮ ನೆರೆಯಲ್ಲೇ ಇದೆ. 1967ರ ಡಿಸೆಂಬರ್‌ನಲ್ಲಿ ಭೂಕಂಪಕ್ಕೆ ತುತ್ತಾದ ಮಹಾರಾಷ್ಟ್ರದ ಕೊಯ್ನಾ ಪ್ರದೇಶದಲ್ಲಿ ಆಳವಾದ ರಂಧ್ರ ಕೊರೆಯುವ ಯೋಜನೆಗೆ ಮೊದಲು ಹೈದರಾಬಾದಿನ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಆಕಾಶದಿಂದ ಕಾಂತೀಯ ಮತ್ತು ಗುರುತ್ವ ಅಳತೆಗಳನ್ನು ಪಡೆದರು. ಆ ಅಳತೆಗಳು, ಭೂಕಂಪಗಳ ದಾಖಲೆಗಳು, ಸಣ್ಣ ಕೊಳವೆಬಾವಿಗಳ ಮಾಹಿತಿ ಎಲ್ಲವನ್ನೂ ಕೂಡಿಸಿಯೇ ಮುಂದೆ 3 ಕಿಲೋಮೀಟರ್ ಆಳದ ಪ್ರಾಯೋಗಿಕ ರಂಧ್ರದ ಕೆಲಸ ನಡೆಯಿತು. ಕೊಯ್ನಾದಲ್ಲಿ ಸಾಧ್ಯವಾದದ್ದು ಚಿಂಚೋಳಿಯಲ್ಲಿ ಸಾಧ್ಯವಾಗದು ಎನ್ನಲು ಯಾವ ವೈಜ್ಞಾನಿಕ ಕಾರಣವೂ ಇಲ್ಲ.

ಕೇಂದ್ರದ ಭೂವೈಜ್ಞಾನಿಕ ಸರ್ವೇಕ್ಷಣಾಲಯ 2017ರಿಂದ ರಾಷ್ಟ್ರೀಯ ವೈಮಾನಿಕ ಭೂಭೌತ ನಕ್ಷಾ ಕಾರ್ಯಕ್ರಮವನ್ನು ನಡೆಸುತ್ತ ಬಂದಿದೆ. ವಿಮಾನಗಳು ಹಾರಿವೆ, ಅಳತೆಗಳು ದಾಖಲಾಗಿವೆ. ಅದು ಸ್ವಾಗತಾರ್ಹ. ಆದರೆ ಅದರ ಉದ್ದೇಶ ಖನಿಜ ಶೋಧ, ಆದ್ಯತೆ ಖನಿಜ ಸಿಗುವ ಸಾಧ್ಯತೆಯುಳ್ಳ ಪ್ರದೇಶಗಳಿಗೆ. ಚಿನ್ನ, ತಾಮ್ರ, ಕಬ್ಬಿಣ ಹುಡುಕುವವರು ನಕ್ಷೆಯಲ್ಲಿ ನೋಡುವುದು ಒಂದು, ಭೂಕಂಪದ ಅಪಾಯ ಅಳೆಯುವವರು ನೋಡಬೇಕಾದದ್ದು ಇನ್ನೊಂದು. ಅಳತೆ ಮಾತ್ರ ಇಬ್ಬರಿಗೂ ಒಂದೇ. 2023ರ ಡಿಸೆಂಬರ್‌ನಲ್ಲಿ ಆರಂಭವಾದ ರಾಷ್ಟ್ರೀಯ ಭೂವಿಜ್ಞಾನ ದತ್ತಾಂಶ ಭಂಡಾರದ ಮೂಲಕ ಇಂಥ ಮಾಹಿತಿ ಈಗ ಸಾರ್ವಜನಿಕರಿಗೂ ಸಿಗುವಂತಾಗಿದೆ. ಕರ್ನಾಟಕಕ್ಕೆ ಸಂಬಂಧಿಸಿದ ಹಾಳೆಗಳನ್ನು ಭೂಕಂಪದ ದೃಷ್ಟಿಯಿಂದ ಮತ್ತೊಮ್ಮೆ ಓದುವ ಕೆಲಸಕ್ಕೆ ಹೊಸ ಹಾರಾಟವೂ ಬೇಡ, ದೊಡ್ಡ ವೆಚ್ಚವೂ ಬೇಡ. ಗುಲಬರ್ಗಾ ವಿಶ್ವವಿದ್ಯಾಲಯದಲ್ಲೂ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲೂ ಭೂವಿಜ್ಞಾನ ಕಲಿಯುತ್ತಿರುವ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಸಂಶೋಧನಾ ವಿಷಯ ಯಾವುದಿದ್ದೀತು? ತಮ್ಮ ಊರಿನ ಹೊಲದ ಕೆಳಗೆ ಏನಿದೆ ಎಂಬುದನ್ನು ಅವರೇ ಓದಿ ಹೇಳುವಂತಾಗಬೇಕು.

ಆಲಮಟ್ಟಿ ಜಲಾಶಯದ ನೀರಿನ ಮಟ್ಟವನ್ನು 519.6 ಮೀಟರಿನಿಂದ 524.256 ಮೀಟರಿಗೆ ಏರಿಸುವ ಯೋಜನೆಯ ಹಿನ್ನೆಲೆಯಲ್ಲೂ ಈ ಮಾತು ಹೇಳಲೇಬೇಕಾಗಿದೆ. ನಾನು ಆ ಯೋಜನೆಯ ವಿರೋಧಿಯಲ್ಲ. ಕೃಷ್ಣೆಯ ನೀರು ನಮ್ಮ ಒಣಭೂಮಿಗೆ ಬರಬೇಕು. ಜಲಾಶಯ ತುಂಬಿದರೆ ಭೂಕಂಪ ಆಗಿಯೇ ತೀರುತ್ತದೆ ಎಂಬ ಮಾತನ್ನೂ ಒಪ್ಪುವುದಿಲ್ಲ, ದೇಶದ ನೂರಾರು ಜಲಾಶಯಗಳ ಅಡಿ ಅಂಥದ್ದೇನೂ ಆಗಿಲ್ಲ. ಆದರೆ ಜಲಾಶಯ ತುಂಬಿದ ಬಳಿಕ ಭೂಕಂಪ ಕಂಡ ಕೊಯ್ನಾದ ಅನುಭವ ಕಣ್ಣೆದುರು ಇರುವಾಗ, ಹೆಚ್ಚುವರಿ ನೀರಿನ ಭಾರ ಬೀಳುವ ಪ್ರದೇಶದ ತಳಶಿಲೆಯಲ್ಲಿ ಸ್ತರಭಂಗಗಳು ಎಲ್ಲಿವೆ ಎಂದು ನೀರು ಏರುವ ಮೊದಲೇ ತಿಳಿದಿಡುವುದು ಕನಿಷ್ಠ ಎಚ್ಚರಿಕೆ. ನೀರು ನಿಂತ ಮೇಲೆ ನೆಲದ ಮೇಲಿನ ಅಧ್ಯಯನಕ್ಕೆ ಆ ಜಾಗ ಸಿಗುವುದಿಲ್ಲ.

ವೈಮಾನಿಕ ಸಮೀಕ್ಷೆಗೆ ಮಿತಿಯಿದೆ. ಅದು ಸ್ತರಭಂಗ ಇದೆ ಎಂದು ಹೇಳಬಲ್ಲದು, ಅದು ಇಂದಿಗೂ ಸಕ್ರಿಯವೇ ಎಂದು ಹೇಳಲಾರದು. ನಮ್ಮ ತಳಶಿಲೆಯ ಸೀಳುಗಳಲ್ಲಿ ಹೆಚ್ಚಿನವು ಎಷ್ಟೋ ಕೋಟಿ ವರ್ಷಗಳಿಂದ ಅಲುಗದೆ ಮಲಗಿವೆ. ನಕ್ಷೆಯ ಮೇಲೆ ಕಂಡ ಪ್ರತಿ ಗೆರೆಗೂ ಕೆಂಪು ಬಣ್ಣ ಬಳಿದು ಹಳ್ಳಿಗಳ ಹೆಸರು ಬರೆದರೆ ಜನರು ನಿದ್ದೆಗೆಡುತ್ತಾರೆ, ಭೂಮಿಯ ಬೆಲೆ ಕುಸಿಯುತ್ತದೆ, ಪ್ರಯೋಜನ ಮಾತ್ರ ಇರುವುದಿಲ್ಲ. ಹಾಗಾಗಿ ನಕ್ಷೆಯ ಮೇಲೆ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ದಾಖಲಿಸಿದ ಕಂಪನಗಳ ಕೇಂದ್ರಬಿಂದುಗಳನ್ನು ಇಟ್ಟು ನೋಡಬೇಕು. ಕಂಪನಗಳು ಯಾವುದಾದರೂ ಒಂದು ಗೆರೆಯ ಉದ್ದಕ್ಕೆ ಸಾಲುಗಟ್ಟುತ್ತಿದ್ದರೆ ಅಲ್ಲಿ ನೆಲದ ಮೇಲೆ ವಿದ್ಯುತ್ ನಿರೋಧದ ಅಳತೆ, ಅಗತ್ಯವೆನಿಸಿದರೆ ಕೊಳವೆಬಾವಿ, ಎರೆಮಣ್ಣಿನಲ್ಲಿ ಕಂದಕ, ಹೀಗೆ ಮುಂದಿನ ಪರೀಕ್ಷೆಗಳು ನಡೆಯಬೇಕು. ಈಗ ಕಂಪನದ ಕೇಂದ್ರಬಿಂದುವನ್ನು ಗುರುತಿಸುವುದರಲ್ಲೇ ಕೆಲವು ಕಿಲೋಮೀಟರ್‌ಗಳ ವ್ಯತ್ಯಾಸ ಬರಬಹುದು. ಉಪಕರಣಗಳು ದೂರದೂರವಿದ್ದಷ್ಟೂ ಆ ವ್ಯತ್ಯಾಸ ಹೆಚ್ಚು. ನಕ್ಷೆ ಎಷ್ಟೇ ಸೂಕ್ಷ್ಮವಾಗಿದ್ದರೂ ಅದರ ಮೇಲೆ ಇಡುವ ಬಿಂದು ಮಸುಕಾಗಿದ್ದರೆ ಎರಡೂ ಕೂಡುವುದಿಲ್ಲ. ಆದ್ದರಿಂದ ಹಾರಾಟದ ಜೊತೆಜೊತೆಗೇ ಚಿಂಚೋಳಿ, ಬಸವನಬಾಗೇವಾಡಿ, ಹುಮನಾಬಾದ್ ಸುತ್ತ ತಾತ್ಕಾಲಿಕ ಭೂಕಂಪ ಮಾಪಕಗಳನ್ನು ಹತ್ತಿರ ಹತ್ತಿರ ನೆಡುವುದು ಅವಶ್ಯ.

ರಾಜ್ಯದ ಕಂದಾಯ ಹಾಗೂ ಗಣಿ ಮತ್ತು ಭೂವಿಜ್ಞಾನ ಇಲಾಖೆಗಳು ಒಟ್ಟಾಗಿ ಭೂವೈಜ್ಞಾನಿಕ ಸರ್ವೇಕ್ಷಣಾಲಯಕ್ಕೂ ಹೈದರಾಬಾದಿನ ಸಂಸ್ಥೆಗೂ ಲಿಖಿತ ಕೋರಿಕೆ ಸಲ್ಲಿಸಬೇಕೆಂದು ನನ್ನ ವಿನಂತಿ. ಬೀದರ್, ಕಲಬುರಗಿ, ವಿಜಯಪುರ ಮತ್ತು ಬಾಗಲಕೋಟೆ ಜಿಲ್ಲೆಗಳ ಲಾವಾ ಹೊದಿಕೆಯ ಭಾಗಕ್ಕೆ 200 ಮೀಟರಿಗಿಂತ ಹೆಚ್ಚಿಲ್ಲದ ಅಂತರದ ಸಾಲುಗಳಲ್ಲಿ ಕಾಂತೀಯ ಸಮೀಕ್ಷೆ ಆಗಬೇಕು. ಮೊದಲ ಹಂತದಲ್ಲಿ ಚಿಂಚೋಳಿ ಮತ್ತು ಆಲಮಟ್ಟಿ ಸುತ್ತಲಿನ ಪ್ರದೇಶಗಳನ್ನಾದರೂ ಎತ್ತಿಕೊಳ್ಳಬೇಕು. ಸಣ್ಣ ಪ್ರದೇಶಗಳಿಗೆ ಡ್ರೋನ್‌ಗೆ ಕಟ್ಟಿದ ಮ್ಯಾಗ್ನೆಟೋಮೀಟರ್ ಸಾಕಾಗುತ್ತದೆ. ಬಂದ ಫಲಿತಾಂಶವನ್ನು ಕಡತದಲ್ಲಿ ಉಳಿಸದೆ, ಯಾವ ಗೆರೆ ಖಚಿತ, ಯಾವುದು ಅನುಮಾನ ಎಂಬ ವಿವರಣೆಯೊಂದಿಗೆ ಕನ್ನಡದಲ್ಲಿ ಪ್ರಕಟಿಸಿ ಗ್ರಾಮ ಪಂಚಾಯಿತಿಗಳಿಗೆ ತಲುಪಿಸಬೇಕು. ಹೊಸ ಶಾಲೆ, ಆಸ್ಪತ್ರೆ, ನೀರಿನ ಟ್ಯಾಂಕಿಗೆ ಜಾಗ ಆರಿಸುವಾಗಲೂ, ಹಳೆಯ ಕಲ್ಲುಮನೆಗಳನ್ನು ಭದ್ರಪಡಿಸಲು ನೆರವು ಕೊಡುವಾಗ ಯಾವ ಊರು ಮೊದಲು ಎಂದು ನಿರ್ಧರಿಸುವಾಗಲೂ ಎಂಜಿನಿಯರುಗಳ ಮೇಜಿನ ಮೇಲೆ ಆ ನಕ್ಷೆ ಇರಬೇಕು. ಮಳೆಗಾಲದ ಮೋಡ ಸರಿದ ಮೇಲೆ ನವೆಂಬರಿನಿಂದ ಮೇ ತಿಂಗಳವರೆಗೆ ಹಾರಾಟಕ್ಕೆ ಅನುಕೂಲ. ಆದ್ದರಿಂದ ಕೋರಿಕೆ ಈ ಮಳೆಗಾಲ ಮುಗಿಯುವುದರೊಳಗೇ ಹೋಗಬೇಕು.

ಇತಿ,
ನಿವೃತ್ತ ಭೂವಿಜ್ಞಾನ ಅಧ್ಯಾಪಕ,
ಕಲಬುರಗಿ